ಸುದ್ದಿ ಓದುವ ಸಿನಿಕನಿಗೆ ಪಾಟೀಸವಾಲು ಹಾಕುವ ಬಗೆ

'ದಾರಿಯಲ್ಲಿ ಸಿಕ್ಕ ಹಣದ ಚೀಲವನ್ನು ವಾರಸುದಾರರಿಗೆ ಮರಳಿಸಿದ ಕಾರ್ಮಿಕ' ಎಂಬ ಶೀರ್ಷಿಕೆ ಕಣ್ಣಿಗೆ ಬಿದ್ದೊಡನೆ ಮನಸ್ಸಿನಲ್ಲಿ ಏಳುವ ಮೊದಲ ಮಾತು ಯಾವುದೆಂದು ಒಮ್ಮೆ ಗಮನಿಸಿ. 'ಎಲ್ಲ ಪ್ರಚಾರಕ್ಕೆ' ಎಂದೋ, 'ಒಳಗೆ ಇದ್ದದ್ದೆಷ್ಟೋ, ಕೊಟ್ಟದ್ದೆಷ್ಟೋ' ಎಂದೋ, 'ಕ್ಯಾಮೆರಾ ಇದ್ದಿರಬೇಕು, ಇಲ್ಲದಿದ್ದರೆ ಕೊಡುತ್ತಿದ್ದನೇ' ಎಂದೋ ಒಂದು ಮಾತು ಬಂದು ಹೋಗಿರುತ್ತದೆ. ಆ ಹೊತ್ತಿಗೆ ವರದಿಯ ಒಂದು ಸಾಲನ್ನೂ ನಾವು ಓದಿರುವುದಿಲ್ಲ. ಸಾಕ್ಷಿಗಳ ವಿಚಾರಣೆ ಆರಂಭವಾಗುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ, ಮತ್ತು ತೀರ್ಪು ಕೊಟ್ಟವರಿಗೆ ತಾವು ಬಹಳ ಎಚ್ಚರದಿಂದ ಓದುತ್ತಿದ್ದೇವೆ ಎಂಬ ತೃಪ್ತಿಯೂ ಇರುತ್ತದೆ.

ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಸುದ್ದಿಯನ್ನು ನಂಬಿರಿ ಎಂದು ಹೇಳುವ ಉದ್ದೇಶ ಇದಕ್ಕಿಲ್ಲ. ಸುದ್ದಿಗಳಲ್ಲಿ ಸುಳ್ಳು, ಅರ್ಧಸತ್ಯ, ಹಣ ಕೊಟ್ಟು ಹಾಕಿಸಿದ ಹೊಗಳಿಕೆ, ಯಾರದೋ ಬೇಳೆ ಬೇಯಿಸುವ ಹುನ್ನಾರ ಎಲ್ಲವೂ ಇರುತ್ತವೆ. ಆದರೆ ಸಂದೇಹ ಬೇರೆ, ಸಿನಿಕತನ ಬೇರೆ. ಸಂದೇಹ ಒಂದು ಪ್ರಶ್ನೆ. ಸಿನಿಕತನ ಒಂದು ಉತ್ತರ, ಅದೂ ಪ್ರತಿ ಸಲ ಒಂದೇ ಉತ್ತರ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಸಿನಿಕರು ತಮ್ಮ ಪರವಾಗಿ ಉದ್ಧರಿಸುವುದುಂಟು. ಅವರು ಪಾಲಿಸುವುದು ಅದರ ಮೊದಲರ್ಧವನ್ನು ಮಾತ್ರ: ಕಂಡದ್ದನ್ನು ನಂಬುವುದಿಲ್ಲ, ಆದರೆ ಪ್ರಮಾಣಿಸಿಯೂ ನೋಡುವುದಿಲ್ಲ. ಹಾಗಾಗಿ ಸಿನಿಕನಲ್ಲಿ ಸಂದೇಹ ಹೆಚ್ಚಾಗಿದೆ ಎನ್ನುವುದಕ್ಕಿಂತ ಸಾಲದಾಗಿದೆ ಎನ್ನುವುದೇ ಸರಿ; ತನ್ನ ಮೊದಲ ಮಾತಿನ ಬಗ್ಗೆ ಅವನಿಗೆ ಕಿಂಚಿತ್ತೂ ಸಂದೇಹವಿರುವುದಿಲ್ಲ.

ಮೊದಲ ಮಾತನ್ನು ಬರೆದಿಡಿ

ಮೊದಲ ಹೆಜ್ಜೆ ತೀರಾ ಸರಳವಾಗಿ ಕಾಣುತ್ತದೆ, ಆದರೆ ಮಾಡುವವರು ಕಡಿಮೆ. ಸುದ್ದಿ ಓದಿದಾಗ ಮನಸ್ಸಿಗೆ ಬಂದ ಮೊದಲ ಮಾತನ್ನು ಬಂದ ಹಾಗೆಯೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆಯದೆ ಉಳಿದ ಸಿನಿಕತನ ಒಂದು ಮನಃಸ್ಥಿತಿ, ಮತ್ತು ಮನಃಸ್ಥಿತಿ ಎಂದೂ ತಪ್ಪಾಗುವುದಿಲ್ಲ. ಬರೆದ ಕೂಡಲೇ ಅದು ಹೇಳಿಕೆಯಾಗುತ್ತದೆ, ಹೇಳಿಕೆಗೆ ಪುರಾವೆ ಬೇಕಾಗುತ್ತದೆ. 'ಎಲ್ಲ ನಾಟಕ' ಎಂದು ಬರೆದ ಮೇಲೆ ಮುಂದಿನ ಸಾಲಿನಲ್ಲಿ ಯಾರ ನಾಟಕ, ಯಾರು ಬರೆದದ್ದು, ಪಾತ್ರಧಾರಿಗಳು ಎಷ್ಟು ಮಂದಿ, ಬಾಯಿ ಮುಚ್ಚಿಕೊಂಡಿರಬೇಕಾದವರು ಯಾರ್‍ಯಾರು ಎಂದು ಕೇಳದೆ ವಿಧಿಯಿಲ್ಲ.

ಹಣದ ಚೀಲದ ಸುದ್ದಿಯನ್ನೇ ತೆಗೆದುಕೊಳ್ಳೋಣ. ಅದು ನಾಟಕವಾಗಿರಬೇಕಾದರೆ ಕಾರ್ಮಿಕ, ಹಣ ಕಳೆದುಕೊಂಡವರು, ಚೀಲವನ್ನು ದಾಖಲಿಸಿಕೊಂಡ ಅಧಿಕಾರಿ ಮತ್ತು ಬರೆದ ವರದಿಗಾರ ಈ ನಾಲ್ವರಲ್ಲಿ ಕನಿಷ್ಠ ಇಬ್ಬರಾದರೂ ಸೇರಿ ಸುಳ್ಳು ಹೇಳಿರಬೇಕು. ಕ್ಯಾಮೆರಾದ ಭಯದಿಂದ ಕೊಟ್ಟ ಎನ್ನುವುದಾದರೆ ಅಲ್ಲೊಂದು ಕ್ಯಾಮೆರಾ ಇರಬೇಕು, ಅದು ಆ ಜಾಗದತ್ತ ತಿರುಗಿರಬೇಕು, ಅದು ಅವನಿಗೆ ತಿಳಿದಿರಬೇಕು. ಒಳಗಿನ ಹಣದಲ್ಲಿ ಒಂದಿಷ್ಟನ್ನು ಇಟ್ಟುಕೊಂಡ ಎನ್ನುವುದಾದರೆ ಕಳೆದುಕೊಂಡವರು ಮೊತ್ತದ ಬಗ್ಗೆ ದೂರಿರಬೇಕು. ಈಗ ವರದಿಯನ್ನು ಓದಬೇಕು: ಚೀಲ ಸಿಕ್ಕಿದ್ದು ಎಲ್ಲಿ, ವಾರಸುದಾರರ ಪತ್ತೆಯಾದದ್ದು ಹೇಗೆ, ಹಣ ಎಣಿಸಿದ್ದು ಯಾರ ಮುಂದೆ? ಹೀಗೆ ಬಿಡಿಸಿ ನೋಡಿದಾಗ ಅನೇಕ ಸಲ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಸುದ್ದಿ ನಿಜವಾಗಿರಲು ಒಬ್ಬ ಮನುಷ್ಯ ಪ್ರಾಮಾಣಿಕನಾಗಿದ್ದರೆ ಸಾಕು. ನಮ್ಮ ಶಂಕೆ ನಿಜವಾಗಿರಲು ಅದಕ್ಕಿಂತ ಎಷ್ಟೋ ಹೆಚ್ಚು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ಯಾವುದನ್ನು ನಂಬಲು ಹೆಚ್ಚು ಭೋಳೆತನ ಬೇಕು ಎಂಬ ಲೆಕ್ಕ ಆಗ ತಿರುಗುಮುರುಗಾಗುತ್ತದೆ.

ಇದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ? ಈ ವಿಷಯದಲ್ಲಿ ನಮ್ಮ ಊಹೆ ಎಷ್ಟು ಕೆಟ್ಟದ್ದಾಗಿರುತ್ತದೆ ಎಂಬುದಕ್ಕೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಸಂಶೋಧಕರು 40 ದೇಶಗಳ 355 ನಗರಗಳಲ್ಲಿ 17 ಸಾವಿರಕ್ಕೂ ಹೆಚ್ಚು ಪರ್ಸುಗಳನ್ನು 'ರಸ್ತೆಯಲ್ಲಿ ಸಿಕ್ಕಿತು' ಎಂದು ಹೇಳಿ ಬ್ಯಾಂಕು, ಹೋಟೆಲು, ಅಂಚೆ ಕಚೇರಿ, ವಸ್ತುಸಂಗ್ರಹಾಲಯದಂಥ ಕಡೆಗಳ ಕೌಂಟರಿನ ಸಿಬ್ಬಂದಿಗೆ ಒಪ್ಪಿಸಿದರು. ಪಾರದರ್ಶಕವಾದ ಆ ಪರ್ಸಿನಲ್ಲಿ ಒಂದು ಕೀಲಿಕೈ, ಒಂದು ಖರೀದಿ ಪಟ್ಟಿ ಮತ್ತು ಮಾಲೀಕನ ಹೆಸರು, ಇಮೇಲ್ ವಿಳಾಸ ಇರುವ ಚೀಟಿಗಳು ಕಾಣುತ್ತಿದ್ದವು. ಕೆಲವು ಪರ್ಸುಗಳಲ್ಲಿ ಹಣವಿತ್ತು, ಕೆಲವುಗಳಲ್ಲಿ ಇರಲಿಲ್ಲ. ಹಣವಿಲ್ಲದ ಪರ್ಸುಗಳಲ್ಲಿ ಶೇಕಡ 40ರಷ್ಟರ ಬಗ್ಗೆ ಸಿಬ್ಬಂದಿ ಮಾಲೀಕನನ್ನು ಸಂಪರ್ಕಿಸಿದರೆ, ಹಣವಿದ್ದ ಪರ್ಸುಗಳಲ್ಲಿ ಶೇಕಡ 51ರಷ್ಟರ ಬಗ್ಗೆ ಸಂಪರ್ಕಿಸಿದರು. ಮೂರು ದೇಶಗಳಲ್ಲಿ ಇನ್ನೂ ದೊಡ್ಡ ಮೊತ್ತವನ್ನಿಟ್ಟು ನೋಡಿದಾಗ ಪ್ರಮಾಣ ಶೇಕಡ 72ಕ್ಕೆ ಏರಿತು. ಫಲಿತಾಂಶವನ್ನು ಮುಂಚಿತವಾಗಿ ಊಹಿಸಿ ಎಂದಾಗ ಜನಸಾಮಾನ್ಯರೂ, ಅವರೊಂದಿಗೆ ಅರ್ಥಶಾಸ್ತ್ರಜ್ಞರೂ ಇದನ್ನು ಕಾಣಲಾರದೆ ಹೋದರು. ಹಣ ಹೆಚ್ಚಿದಷ್ಟೂ ಮರಳಿಸುವವರು ಕಡಿಮೆಯಾಗುತ್ತಾರೆಂಬುದೇ ಸಾಮಾನ್ಯ ನಿರೀಕ್ಷೆಯಾಗಿತ್ತು. ನಮ್ಮ ಕಾರ್ಮಿಕನ ಸುದ್ದಿ ನಿಜವೆಂದು ಈ ಪ್ರಯೋಗ ಸಾಧಿಸುವುದಿಲ್ಲ. ತೂಗಲು ಕುಳಿತಾಗ ನಮ್ಮ ತಕ್ಕಡಿಯೇ ಒಂದು ಕಡೆಗೆ ವಾಲಿತ್ತು ಎಂಬುದನ್ನಷ್ಟೇ ಅದು ತೋರಿಸುತ್ತದೆ.

ಲಾಭ ಯಾರಿಗೆ ಎಂಬ ಪ್ರಶ್ನೆಯ ಮಿತಿ

ಸಿನಿಕನ ಕೈಯಲ್ಲಿರುವ ಅತಿ ಮೊನಚಾದ ಆಯುಧವೆಂದರೆ 'ಇದರಿಂದ ಯಾರಿಗೆ ಲಾಭ' ಎಂಬ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ, ಆದರೆ ಅದಕ್ಕೆ ಉತ್ತರ ಸಿಕ್ಕೊಡನೆ ವಿಚಾರಣೆ ಮುಗಿಯಿತೆಂದು ಎದ್ದುಬಿಡುವುದು ತಪ್ಪು. ಒಂದು ಮಾತಿನಿಂದ ಹೇಳಿದವನಿಗೆ ಲಾಭವಿದೆ ಎಂಬುದು ಆ ಮಾತನ್ನು ಪರೀಕ್ಷಿಸಲು ಕಾರಣವಾಗಬಹುದೇ ಹೊರತು ಅದು ಸುಳ್ಳೆಂಬುದಕ್ಕೆ ಪುರಾವೆಯಾಗಲಾರದು. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಪತನಕ್ಕೆ ಕಾರಣವಾದ ವಾಟರ್‌ಗೇಟ್ ಹಗರಣದಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರರಿಗೆ ಗುಟ್ಟಾಗಿ ನೆರವಾಗುತ್ತಿದ್ದ ವ್ಯಕ್ತಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನ ಹಿರಿಯ ಅಧಿಕಾರಿ ಮಾರ್ಕ್ ಫೆಲ್ಟ್ ಎಂಬುದು 2005ರಲ್ಲಿ ಬಹಿರಂಗವಾಯಿತು. 1972ರಲ್ಲಿ ಸಂಸ್ಥೆಯ ಮುಖ್ಯಸ್ಥ ಎಡ್ಗರ್ ಹೂವರ್ ತೀರಿಕೊಂಡಾಗ ಆ ಹುದ್ದೆ ಫೆಲ್ಟ್‌ಗೆ ತಪ್ಪಿ ಹೊರಗಿನವರೊಬ್ಬರಿಗೆ ಹೋಗಿತ್ತು. ಆತನ ಮನಸ್ಸಿನಲ್ಲಿ ಅಸಮಾಧಾನವೂ ಕೆಲಸ ಮಾಡಿರಬಹುದು. ಆದರೆ ಆತ ತೋರಿದ ದಾರಿ ಸರಿಯಾಗಿತ್ತು, 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. 'ಹುದ್ದೆ ಸಿಗದ ಹೊಟ್ಟೆಕಿಚ್ಚು' ಎಂದು ಷರಾ ಬರೆದು ಕಡತ ಮುಚ್ಚಿದ್ದರೆ ಷರಾ ಭಾಗಶಃ ಸರಿಯಾಗಿಯೇ ಇರುತ್ತಿತ್ತೇನೋ, ತೀರ್ಮಾನ ಮಾತ್ರ ಪೂರ್ತಿ ತಪ್ಪಾಗಿರುತ್ತಿತ್ತು.

ಆದ್ದರಿಂದ ಟಿಪ್ಪಣಿಯ ಪುಟವನ್ನು ಎರಡು ಅಂಕಣಗಳಾಗಿ ಮಡಚಿಕೊಳ್ಳುವುದು ಒಳ್ಳೆಯದು. ಎಡಗಡೆ ಯಾರಿಗೆ ಏನು ಲಾಭ ಎಂಬುದು, ಬಲಗಡೆ ಹೇಳಿದ ಮಾತಿಗೆ ಏನು ಆಧಾರ ಎಂಬುದು. ಎಡ ಅಂಕಣ ತುಂಬಿ ಬಲ ಅಂಕಣ ಖಾಲಿ ಉಳಿದರೆ ನಾವು ಇನ್ನೂ ಏನನ್ನೂ ಪರೀಕ್ಷಿಸಿಲ್ಲ ಎಂದೇ ಅರ್ಥ.

ನಗು ಬಂದ ಸುದ್ದಿಯನ್ನು ಎರಡನೆಯ ಸಲ ಓದಿ

ಕೆಲವು ಸುದ್ದಿಗಳು ಸಿನಿಕತನಕ್ಕೆಂದೇ ಅಚ್ಚು ಹಾಕಿದಂತಿರುತ್ತವೆ. ಓದಿದೊಡನೆ ನಗು ಬರುತ್ತದೆ. ಅಂಥವುಗಳಲ್ಲಿ ಬಹಳ ಪ್ರಸಿದ್ಧವಾದದ್ದು 1994ರಲ್ಲಿ ಅಮೆರಿಕದಲ್ಲಿ ತೀರ್ಪು ಬಂದ ಲೀಬೆಕ್ ವಿರುದ್ಧ ಮೆಕ್‌ಡೊನಾಲ್ಡ್ಸ್ ಪ್ರಕರಣ. ತನ್ನ ಮೈಮೇಲೆ ತಾನೇ ಕಾಫಿ ಚೆಲ್ಲಿಕೊಂಡ ಹೆಂಗಸೊಬ್ಬಳು 'ಕಾಫಿ ಬಿಸಿಯಾಗಿತ್ತು' ಎಂದು ದಾವೆ ಹೂಡಿ ಸುಮಾರು 29 ಲಕ್ಷ ಡಾಲರ್ ಗೆದ್ದಳು ಎಂಬ ರೂಪದಲ್ಲಿ ಅದು ಜಗತ್ತನ್ನು ಸುತ್ತಿತು. ದುರಾಸೆಯ ಕಕ್ಷಿದಾರರು, ದುರಾಸೆಯ ವಕೀಲರು, ತಲೆಕೆಟ್ಟ ನ್ಯಾಯಾಂಗ ಎಂದು ವರ್ಷಗಟ್ಟಲೆ ಹಾಸ್ಯಗಾರರು ಅದನ್ನು ಬಳಸಿಕೊಂಡರು. ಕೇಳಿದವರಿಗೆ ತಾವು ಮೋಸ ಹೋಗದವರ ಸಾಲಿನಲ್ಲಿದ್ದೇವೆ ಎನ್ನಿಸಿತ್ತು.

ಈಗ ಶೀರ್ಷಿಕೆಯಲ್ಲಿ ಇಲ್ಲದ ಅಂಕಿಗಳನ್ನು ಒಂದೊಂದಾಗಿ ಹುಡುಕೋಣ. ಆಕೆಯ ವಯಸ್ಸು 79. ಆಕೆ ವಾಹನ ಚಲಾಯಿಸುತ್ತಿರಲಿಲ್ಲ. ನಿಲ್ಲಿಸಿದ್ದ ಕಾರಿನ ಪಕ್ಕದ ಸೀಟಿನಲ್ಲಿ ಕುಳಿತು ಲೋಟವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಸಕ್ಕರೆ ಬೆರೆಸಲೆಂದು ಮುಚ್ಚಳ ತೆಗೆಯುತ್ತಿದ್ದಳು. ಆ ಕಂಪನಿ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೊಡುತ್ತಿತ್ತು, ಅಂದರೆ ಚರ್ಮದ ಅಷ್ಟೂ ಪದರಗಳನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುವಷ್ಟು. ದೇಹದ ಶೇಕಡ 6ರಷ್ಟು ಭಾಗದಲ್ಲಿ ಆಕೆಗೆ ಮೂರನೇ ದರ್ಜೆಯ ಸುಟ್ಟಗಾಯಗಳಾದವು, ಎಂಟು ದಿನ ಆಸ್ಪತ್ರೆಯಲ್ಲಿದ್ದು ಚರ್ಮ ಕಸಿ ಮಾಡಿಸಿಕೊಳ್ಳಬೇಕಾಯಿತು. ಮೊದಲು ಆಕೆ ಕೇಳಿದ್ದು ಚಿಕಿತ್ಸೆ ಮತ್ತು ಇತರ ಖರ್ಚಿನ ಸುಮಾರು 20 ಸಾವಿರ ಡಾಲರ್. ಕಂಪನಿ ಕೊಡಲು ಒಪ್ಪಿದ್ದು 800 ಡಾಲರ್. ಹಿಂದಿನ ಹತ್ತು ವರ್ಷಗಳಲ್ಲಿ ಕಾಫಿಯಿಂದ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರುಗಳು ಕಂಪನಿಗೆ ಬಂದಿದ್ದವು ಎಂಬುದು ವಿಚಾರಣೆಯಲ್ಲಿ ಹೊರಬಂತು. ಜ್ಯೂರಿ ಆಕೆಯದೂ ಶೇಕಡ 20ರಷ್ಟು ತಪ್ಪಿದೆಯೆಂದು ಹೇಳಿ ಪರಿಹಾರವನ್ನು ಅಷ್ಟು ಕಡಿತಗೊಳಿಸಿತು. ದಂಡರೂಪದ 27 ಲಕ್ಷ ಡಾಲರನ್ನು ನ್ಯಾಯಾಧೀಶರು 4.8 ಲಕ್ಷಕ್ಕೆ ಇಳಿಸಿದರು. ಕೊನೆಗೆ ಎರಡೂ ಕಡೆಯವರು ಬಹಿರಂಗಪಡಿಸದ ಮೊತ್ತಕ್ಕೆ ರಾಜಿಯಾದರು.

ಇಷ್ಟೆಲ್ಲ ತಿಳಿದ ಮೇಲೂ ತೀರ್ಪು ತಪ್ಪೆಂದು ಯಾರಾದರೂ ವಾದಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ನಕ್ಕವರಲ್ಲಿ ಬಹುಪಾಲು ಮಂದಿ ನಕ್ಕದ್ದು ಬೇರೆಯೇ ಒಂದು ಪ್ರಕರಣಕ್ಕೆ. ಅಂಥದೊಂದು ಪ್ರಕರಣ ನಡೆದೇ ಇರಲಿಲ್ಲ. ಇದರಿಂದ ಒಂದು ಉಪಯುಕ್ತ ಅಭ್ಯಾಸ ಹೊರಡುತ್ತದೆ. ಯಾವ ಸುದ್ದಿ ನಮ್ಮನ್ನು ಸುಲಭವಾಗಿ ನಗಿಸುತ್ತದೆಯೋ ಅಥವಾ ಮೂಗು ಮುರಿಯುವಂತೆ ಮಾಡುತ್ತದೆಯೋ ಅದರ ಬಗ್ಗೆ 'ಈ ಕಥೆಯಲ್ಲಿ ಯಾವ ಅಂಕಿ ಕಾಣೆಯಾಗಿದೆ' ಎಂದು ಕೇಳಬೇಕು. ವಯಸ್ಸು, ಉಷ್ಣತೆ, ಮೊದಲು ಕೇಳಿದ ಮೊತ್ತ, ಹಿಂದಿನ ದೂರುಗಳ ಸಂಖ್ಯೆ, ಈ ನಾಲ್ಕರಲ್ಲಿ ಯಾವೊಂದು ಗೊತ್ತಿದ್ದರೂ ನಗು ಅರ್ಧಕ್ಕೆ ನಿಲ್ಲುತ್ತಿತ್ತು. ನ್ಯಾಯಾಲಯದ ಸುದ್ದಿಯಾದರೆ ತೀರ್ಪಿನ ಪ್ರತಿ, ಸಂಶೋಧನೆಯ ಸುದ್ದಿಯಾದರೆ ಮೂಲ ಪ್ರಬಂಧದ ಸಾರಾಂಶ, ಸರ್ಕಾರದ ಸುದ್ದಿಯಾದರೆ ಆದೇಶದ ಪಠ್ಯ ಇವನ್ನು ತೆರೆದು ಹತ್ತು ನಿಮಿಷ ನೋಡುವುದು, ಅದರ ಬಗ್ಗೆ ಒಂದು ಗಂಟೆ ಇತರರ ಅಭಿಪ್ರಾಯ ಓದುವುದಕ್ಕಿಂತ ಹೆಚ್ಚು ತಿಳಿಸುತ್ತದೆ.

ಮುಖ ನೋಡಿ ಮಣೆ ಹಾಕುವುದನ್ನು ಇದೇ ಸಾಲಿನಲ್ಲಿ ಸೇರಿಸಬೇಕು. 1980ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿಯ ಶಿಬಿರದಿಂದ ಒಂದು ಹಸುಗೂಸು ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಎತ್ತಿಕೊಂಡು ಹೋಯಿತೆಂದು ತಾಯಿ ಲಿಂಡಿ ಚೇಂಬರ್ಲಿನ್ ಹೇಳಿದಳು. ದೂರದರ್ಶನದಲ್ಲಿ ಆಕೆಯನ್ನು ಕಂಡ ಅನೇಕರು ಆಕೆ ಸಾಕಷ್ಟು ಅಳುತ್ತಿಲ್ಲ ಎಂಬುದನ್ನೇ ದೊಡ್ಡ ಸಾಕ್ಷಿಯೆಂದು ಭಾವಿಸಿದರು. 1982ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಕಾರಿನಲ್ಲಿ ಸಿಕ್ಕ ಮಗುವಿನ ರಕ್ತವೆಂದು ತೋರಿಸಲಾಗಿದ್ದ ಕಲೆಗಳು ಹೆಚ್ಚಿನಂಶ ಸದ್ದು ತಗ್ಗಿಸಲು ಬಳಿಯುವ ಲೇಪನವೆಂದು ನಂತರ ತಿಳಿಯಿತು, 1986ರಲ್ಲಿ ಮಗುವಿನ ಅಂಗಿ ಡಿಂಗೊಗಳ ಬಿಲಗಳಿದ್ದ ಜಾಗದ ಬಳಿ ಸಿಕ್ಕಿತು, 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣವೆಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ. ಕ್ಯಾಮೆರಾದ ಮುಂದೆ ದುಃಖ ಹೇಗೆ ಕಾಣಬೇಕೆಂದು ನಮಗೆ ಗೊತ್ತಿದೆ ಎಂಬ ನಂಬಿಕೆಯಿಂದ ಬಂದ ಶಂಕೆಯನ್ನು ಟಿಪ್ಪಣಿಯಲ್ಲಿ ಬರೆಯುವ ಮೊದಲೇ ಹೊಡೆದುಹಾಕುವುದು ಲೇಸು.

ಕೆಟ್ಟ ಸುದ್ದಿಗೂ ಅದೇ ತಕ್ಕಡಿ

ನನ್ನ ಮಟ್ಟಿಗೆ ಅತ್ಯಂತ ಕಷ್ಟವಾದ ಹೆಜ್ಜೆ ಇದು. ಸಿನಿಕ ಏನನ್ನೂ ನಂಬದವನು ಎಂಬ ಖ್ಯಾತಿ ಇದೆಯಾದರೂ ವಾಸ್ತವದಲ್ಲಿ ಅವನು ಒಂದು ಬಗೆಯ ಸುದ್ದಿಯನ್ನು ಮಗುವಿನಂತೆ ನಂಬುತ್ತಾನೆ: ಮನುಷ್ಯರು ಕೆಟ್ಟವರು ಎಂದು ಹೇಳುವ ಸುದ್ದಿಯನ್ನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಿಜವಾಗಿಯೂ ಹಳದಿಯಾಗಿರುವುದನ್ನು ಬೇರ್ಪಡಿಸಿ ಹೇಳಲು ಆ ಕಣ್ಣಿಗೆ ಆಗುವುದಿಲ್ಲ ಎಂಬುದು ಅದರ ಇನ್ನೊಂದು ಮುಖ.

1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. ಎರಡು ವಾರಗಳ ನಂತರ ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲಿ, ಮೂವತ್ತೆಂಟು ಮಂದಿ ಕಿಟಕಿಯಿಂದ ಅರ್ಧ ಗಂಟೆಗೂ ಮಿಕ್ಕಿ ಈ ಕೊಲೆಯನ್ನು ನೋಡುತ್ತಿದ್ದರೂ ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಕರೆ ಮಾಡಲಿಲ್ಲ ಎಂದು ಬರೆಯಿತು. ನಗರದ ಮನುಷ್ಯನ ನಿರ್ದಯತೆಗೆ ಈ ಕಥೆ ದಶಕಗಳ ಕಾಲ ಪಠ್ಯಪುಸ್ತಕದ ಉದಾಹರಣೆಯಾಗಿತ್ತು. ನಂತರದ ಪರಿಶೀಲನೆಯಲ್ಲಿ ಕಂಡದ್ದು ಬೇರೆ. ಇಡೀ ದಾಳಿಯನ್ನು ಮೂವತ್ತೆಂಟು ಮಂದಿ ನೋಡಿರಲಿಲ್ಲ. ಹಲವರು ಕೂಗನ್ನಷ್ಟೇ ಕೇಳಿದ್ದರು, ಒಬ್ಬಾತ ಕಿಟಕಿಯಿಂದ ಗದರಿದಾಗ ಕೊಲೆಗಾರ ಒಮ್ಮೆ ಓಡಿಹೋಗಿದ್ದ, ಪೊಲೀಸರಿಗೆ ಕರೆ ಮಾಡಿದ್ದಾಗಿ ಹೇಳಿದವರೂ ಇದ್ದರು. ಸೋಫಿಯಾ ಫರಾರ್ ಎಂಬ ನೆರೆಮನೆಯಾಕೆ, ಕೊಲೆಗಾರ ಇನ್ನೂ ಅಲ್ಲೇ ಇರಬಹುದೆಂಬ ಯೋಚನೆಯನ್ನೂ ಮಾಡದೆ, ಕೆಳಗಿಳಿದು ಬಂದು ಸಾಯುತ್ತಿದ್ದ ಯುವತಿಯನ್ನು ತನ್ನ ತೋಳುಗಳಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಆ ತೋಳುಗಳು ಮೂಲ ವರದಿಯಲ್ಲಿ ಇರಲೇ ಇಲ್ಲ. ತನ್ನ ವರದಿ ದೋಷಪೂರಿತವಾಗಿತ್ತೆಂದು 2016ರಲ್ಲಿ ಪತ್ರಿಕೆಯೇ ಒಪ್ಪಿಕೊಂಡಿತು.

ಆ ಕಥೆಯನ್ನು ಐವತ್ತು ವರ್ಷ ಹೇಳಿಕೊಂಡು ಬಂದವರು ಪೆದ್ದರೇನಲ್ಲ. ಮಾಧ್ಯಮವನ್ನು ನಂಬಬಾರದೆಂದು ಹೇಳುವವರೇ ಮಾಧ್ಯಮದ ಈ ವರದಿಯನ್ನು ಕಣ್ಣು ಮುಚ್ಚಿ ನಂಬಿದ್ದರು, ಏಕೆಂದರೆ ಅದು ಅವರಿಗೆ ಮೊದಲೇ ಗೊತ್ತಿದ್ದದ್ದನ್ನು ಹೇಳುತ್ತಿತ್ತು. ಇದಕ್ಕೆ ಪರೀಕ್ಷೆ ಒಂದೇ. ಒಳ್ಳೆಯ ಸುದ್ದಿಗೆ ನಾವು ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಂಡು, ಮುಂದಿನ ಸಲ 'ನಾನು ಆಗಲೇ ಹೇಳಿರಲಿಲ್ಲವೇ' ಎನ್ನಿಸುವ ಕೆಟ್ಟ ಸುದ್ದಿ ಬಂದಾಗ ಅವೇ ಪ್ರಶ್ನೆಗಳನ್ನು ಅದೇ ದನಿಯಲ್ಲಿ ಕೇಳಬೇಕು. ಯಾರು ಎಣಿಸಿದರು? ಕಣ್ಣಾರೆ ಕಂಡವರು ಯಾರು? ಇದನ್ನು ಬರೆದವರಿಗೆ ಏನು ಲಾಭ?

ಬೆಟ್ಟ ಅಗೆದು ಇಲಿ ಹಿಡಿದರೇ?

ಭಾರಿ ಎಚ್ಚರಿಕೆಯ ನಂತರ ಏನೂ ಆಗದಿದ್ದಾಗ ಹುಟ್ಟುವ ಸಿನಿಕತನವೇ ಬೇರೊಂದು ಜಾತಿ. 1999ರ ಕೊನೆಯಲ್ಲಿ, 2000ನೇ ಇಸವಿ ಬಂದೊಡನೆ ಕಂಪ್ಯೂಟರುಗಳು ದಿನಾಂಕ ತಪ್ಪಿ ಕೆಡುತ್ತವೆಂಬ ವೈ2ಕೆ ದೋಷದ ಬಗ್ಗೆ ಎಬ್ಬಿಸಿದ ಗದ್ದಲವನ್ನು ಇಂದಿಗೂ ಹಲವರು ಮೋಸವೆಂದೇ ನೆನೆಯುತ್ತಾರೆ. ಜನವರಿ 1ರ ಬೆಳಿಗ್ಗೆ ವಿದ್ಯುತ್ತು ಎಂದಿನಂತೆಯೇ ಇತ್ತು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅಸಂಖ್ಯ ಪ್ರೋಗ್ರಾಮರುಗಳು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಕೋಡನ್ನು ಸಾಲು ಸಾಲಾಗಿ ತಿದ್ದಿದ್ದರು ಎಂಬುದು ನೆನಪಿನಿಂದ ಜಾರಿದೆ. ಓಝೋನ್ ಪದರದ ಕಥೆಯೂ ಹೀಗೆಯೇ: ಸಿಎಫ್‌ಸಿ ಎಂಬ ಕೃತಕ ಅನಿಲಗಳು ಅದನ್ನು ಹಾಳುಮಾಡುತ್ತವೆಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ವರದಿ ಬಂತು, 1987ರಲ್ಲಿ ಆ ಅನಿಲಗಳನ್ನು ತಗ್ಗಿಸುವ ಮಾಂಟ್ರಿಯಲ್ ಒಪ್ಪಂದವಾಯಿತು, ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. 'ಆಗ ಹೆದರಿಸಿದರು, ಈಗ ಸದ್ದೇ ಇಲ್ಲ' ಎನ್ನಿಸಿದಾಗ ಎಚ್ಚರಿಕೆಗೂ ಮೌನಕ್ಕೂ ನಡುವೆ ಯಾರು ಏನು ಮಾಡಿದರು ಎಂದು ಹುಡುಕಬೇಕು. ಯಾರೂ ಏನೂ ಮಾಡಿರದಿದ್ದರೆ ಮಾತ್ರ ಅದನ್ನು ಸುಳ್ಳು ಎಚ್ಚರಿಕೆ ಎನ್ನಬಹುದು.

ನಿಜವಾದ ಮೋಸ ಬಯಲಾಗುವುದು ಹೇಗೆ

ಇಷ್ಟು ಹೊತ್ತು ಸಿನಿಕತನದ ವಿರುದ್ಧವೇ ವಾದಿಸಿದ್ದರಿಂದ ಓದುಗರಿಗೆ 'ಹಾಗಾದರೆ ದೊಡ್ಡ ದೊಡ್ಡ ಮೋಸಗಳನ್ನು ಕಂಡುಹಿಡಿದವರು ಯಾರು' ಎಂಬ ಪ್ರಶ್ನೆ ಬಂದಿರಬಹುದು. ನ್ಯಾಯವಾದ ಪ್ರಶ್ನೆ. ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣವನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ.

ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಅಮೆರಿಕದಲ್ಲಿ ಮಾರಾಟವಾಗಿದ್ದ ಮೂರು ಡೀಸೆಲ್ ಕಾರುಗಳ ಹಿಂದೆ ಮಾಪನ ಉಪಕರಣ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿತು; ಅವುಗಳಲ್ಲಿ ಒಂದನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಕೊಂಡೊಯ್ದಿತು. ಅಧ್ಯಯನ ಮಾಡಿಸಿದ ಸಂಸ್ಥೆಯವರಿಗೆ ಯಾರ ಮೇಲೂ ಅನುಮಾನವಿರಲಿಲ್ಲ. ಅಮೆರಿಕದ ಕಟ್ಟುನಿಟ್ಟಿನ ನಿಯಮಗಳಿಂದಾಗಿ ಅಲ್ಲಿನ ಡೀಸೆಲ್ ಕಾರುಗಳು ಯುರೋಪಿನವುಗಳಿಗಿಂತ ಶುದ್ಧವಾಗಿವೆ ಎಂದು ತೋರಿಸುವುದೇ ಅವರ ನಿರೀಕ್ಷೆಯಾಗಿತ್ತು. ಅಳತೆ ಬೇರೆಯದನ್ನೇ ಹೇಳಿತು. ಫೋಕ್ಸ್‌ವ್ಯಾಗನ್ ಜೆಟ್ಟಾ ಉಗುಳುತ್ತಿದ್ದ ನೈಟ್ರೋಜನ್ ಆಕ್ಸೈಡುಗಳು ಮಿತಿಯ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು. ವರದಿ 2014ರಲ್ಲಿ ಹೊರಬಂತು, ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಕಂಪನಿಯ ಮೇಲೆ ಬಹಿರಂಗ ಆರೋಪ ಹೊರಿಸಿತು. ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶವನ್ನು ಅಳವಡಿಸಿದ್ದನ್ನು ಕಂಪನಿ ಒಪ್ಪಿಕೊಂಡಿತ್ತು.

ಮೂರನೆಯ ಕಾರಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ನಮ್ಮ ವಿಷಯಕ್ಕೆ ಅದೇ ಮುಖ್ಯ. ಅದು ಬಿಎಂಡಬ್ಲ್ಯು ಎಕ್ಸ್5. ಸಾಮಾನ್ಯ ಓಡಾಟದಲ್ಲಿ ಅದು ಬಹುಮಟ್ಟಿಗೆ ಮಿತಿಯೊಳಗೇ ಇತ್ತು. ಡೀಸೆಲ್ ಕಾರಿಗೂ ನಿಯಮ ಪಾಲಿಸುವುದು ಸಾಧ್ಯ ಎಂದು ಆ ಒಂದು ಕಾರು ತೋರಿಸಿದ್ದರಿಂದಲೇ ಉಳಿದೆರಡರ ಅಂಕಿಗಳು ಅಷ್ಟು ಅನುಮಾನಾಸ್ಪದವಾದವು. ಅಳೆಯುವ ಮೊದಲೇ 'ಎಲ್ಲ ಕಂಪನಿಗಳೂ ಕಳ್ಳರೇ' ಎಂದು ಹೇಳಿ ಮಲಗಿದವನು ಫೋಕ್ಸ್‌ವ್ಯಾಗನ್ ವಿಷಯದಲ್ಲಿ ಅಕಸ್ಮಾತ್ತಾಗಿ ಸರಿಯಾಗುತ್ತಿದ್ದ, ಆದರೆ ಕಳ್ಳನನ್ನು ಹಿಡಿದುಕೊಡಲು ಅವನಿಂದ ಆಗುತ್ತಿರಲಿಲ್ಲ. ಎಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟಿದವನಿಗೆ ವ್ಯತ್ಯಾಸ ಕಾಣುವುದಿಲ್ಲ, ವ್ಯತ್ಯಾಸ ಕಾಣದೆ ಮೋಸ ಬಯಲಾಗುವುದಿಲ್ಲ.

ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. 1969ರಲ್ಲಿ ಅಮೆರಿಕದ ಸಿಗರೇಟು ಕಂಪನಿಯೊಂದರ ಒಳಗಿನ ಟಿಪ್ಪಣಿಯೊಂದು ಸಂದೇಹವೇ ನಮ್ಮ ಸರಕು ಎಂಬರ್ಥದ ಮಾತನ್ನು ಬಿಚ್ಚಿ ಹೇಳಿತ್ತು. ಧೂಮಪಾನ ನಿರುಪದ್ರವಿ ಎಂದು ಜನರನ್ನು ನಂಬಿಸುವ ಗೊಡವೆಗೆ ಹೋಗಬೇಕಾಗಿರಲಿಲ್ಲ. ವಿಜ್ಞಾನಿಗಳ ಮಾತನ್ನೂ ಪೂರ್ತಿ ನಂಬುವಂತಿಲ್ಲ ಎನ್ನಿಸಿದರೆ ಸಾಕಿತ್ತು. ಈಗ ಕೃತಕ ವಿಡಿಯೊಗಳ ಕಾಲದಲ್ಲಿ ನಿಜವಾದ ವಿಡಿಯೊದಲ್ಲಿ ಸಿಕ್ಕಿಬಿದ್ದವನೂ 'ಇದು ನಕಲಿ' ಎಂದು ಹೇಳಿ ಪಾರಾಗಲು ನೋಡಬಹುದು. ಯಾರನ್ನೂ ನಂಬದ ಓದುಗ ಅವನಿಗೆ ಅತ್ಯುತ್ತಮ ಗಿರಾಕಿ. ಹಾಗಾಗಿ ಒಂದು ಸುದ್ದಿಯನ್ನು ತಳ್ಳಿಹಾಕುವ ಮುನ್ನ, ನಾನು ಇದನ್ನು ತಳ್ಳಿಹಾಕಿದರೆ ಯಾರಿಗೆ ಲಾಭ ಎಂದೂ ಒಮ್ಮೆ ಕೇಳಿಕೊಳ್ಳಬಹುದು. ಸಿನಿಕನ ಆಯುಧವನ್ನು ಅವನ ಮೇಲೆಯೇ ತಿರುಗಿಸಿದಂತೆ.

ಲೆಕ್ಕದ ಪುಸ್ತಕ

ಸಿನಿಕತನ ತಾನಾಗಿ ತಿದ್ದಿಕೊಳ್ಳುವುದಿಲ್ಲ ಎಂಬುದಕ್ಕೆ ಒಂದು ಕಾರಣವನ್ನು ಮನಶ್ಶಾಸ್ತ್ರಜ್ಞರಾದ ಡೆಟ್ಲೆಫ್ ಫೆಟ್ಷೆನ್‌ಹೌವರ್ ಮತ್ತು ಡೇವಿಡ್ ಡನಿಂಗ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ. ಒಬ್ಬರನ್ನು ನಂಬಿ ಮೋಸಹೋದರೆ ತಪ್ಪು ತಕ್ಷಣ ತಿಳಿಯುತ್ತದೆ. ನಂಬದೆ ದೂರ ಉಳಿದರೆ ಅವರು ಪ್ರಾಮಾಣಿಕರಾಗಿದ್ದರೇ ಎಂಬುದು ಎಂದೂ ತಿಳಿಯುವುದಿಲ್ಲ. ಹೀಗೆ ಒಂದು ಬಗೆಯ ತಪ್ಪಿಗೆ ಮಾತ್ರ ಪಾಠ ಸಿಗುತ್ತಾ ಹೋಗುವುದರಿಂದ ಮನುಷ್ಯರ ಬಗೆಗಿನ ಅಂದಾಜು ಕೆಳಕ್ಕೇ ಜಾರುತ್ತದೆ. ನಂಬಲಿ, ಬಿಡಲಿ, ಎದುರಿನವರು ಏನು ಮಾಡುತ್ತಿದ್ದರು ಎಂಬುದನ್ನು ಪ್ರತಿ ಸಲವೂ ತಿಳಿಸಿದಾಗ ಭಾಗವಹಿಸಿದವರ ಅಂದಾಜು ಸುಧಾರಿಸಿತು.

ಸುದ್ದಿಯ ವಿಷಯದಲ್ಲಿ ಆ ಮಾಹಿತಿಯನ್ನು ನಮಗೆ ಯಾರೂ ತಂದುಕೊಡುವುದಿಲ್ಲ, ನಾವೇ ಹುಡುಕಬೇಕು. ಅದಕ್ಕಾಗಿ ಪ್ರತಿ ಟಿಪ್ಪಣಿಯ ಕೆಳಗೆ ಮೂರು ಸಂಗತಿಗಳನ್ನು ಸೇರಿಸಬೇಕು: ನನ್ನ ಶಂಕೆ ನಿಜವೆಂದು ನಾನು ನೂರಕ್ಕೆ ಎಷ್ಟು ಬಾಜಿ ಕಟ್ಟುತ್ತೇನೆ, ಯಾವ ಸಂಗತಿ ತಿಳಿದರೆ ಮನಸ್ಸು ಬದಲಿಸುತ್ತೇನೆ, ಮತ್ತೆ ಯಾವ ದಿನ ಪರಿಶೀಲಿಸುತ್ತೇನೆ. ಎರಡನೆಯ ಸಂಗತಿಗೆ ಉತ್ತರವೇ ಹೊಳೆಯದಿದ್ದರೆ, ಅಂದರೆ ಏನೇ ತಿಳಿದರೂ ನನ್ನ ಮಾತು ಬದಲಾಗುವುದಿಲ್ಲ ಎನ್ನಿಸಿದರೆ, ಆ ಮಾತು ಸುದ್ದಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ನಮ್ಮ ಅಂದಿನ ಆಯಾಸದ ಬಗ್ಗೆ ಹೇಳುತ್ತಿರಬಹುದು. ದಿನಕ್ಕೆ ಒಂದು ಸುದ್ದಿ ಸಾಕು. ಎಲ್ಲವನ್ನೂ ಹೀಗೆ ಜಾಲಾಡಹೊರಟರೆ ವಾರದೊಳಗೆ ಪುಸ್ತಕ ಮೂಲೆ ಸೇರುತ್ತದೆ.

ಮರುಪರಿಶೀಲನೆಯ ದಿನ ಬಂದಾಗ ಒಂದು ನಿರಾಶೆ ಕಾದಿರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸುದ್ದಿಗಳಿಗೆ ಮುಂದಿನ ಭಾಗವೇ ಇರುವುದಿಲ್ಲ. ಬಂಧನ ಮುಖಪುಟದಲ್ಲಿ ಬರುತ್ತದೆ, ಬಿಡುಗಡೆ ಒಳಪುಟದಲ್ಲೂ ಬರುವುದಿಲ್ಲ. ಆರೋಪಕ್ಕೆ ಸಿಕ್ಕ ಜಾಗ ತಿದ್ದುಪಡಿಗೆ ಸಿಗುವುದಿಲ್ಲ. ಕಥೆಯ ಕೊನೆ ಕಾಣದಿದ್ದಾಗ ಸಿನಿಕ ತನಗೆ ಅಭ್ಯಾಸವಾದ ಕೊನೆಯನ್ನು ತಾನೇ ಬರೆದುಕೊಳ್ಳುತ್ತಾನೆ, ಸ್ವಲ್ಪ ಕಾಲದ ನಂತರ ಅದನ್ನು ಎಲ್ಲೋ ಓದಿದ್ದೇನೆಂದೇ ನೆನೆಯುತ್ತಾನೆ. ಅಂಥ ಟಿಪ್ಪಣಿಗಳ ಮುಂದೆ 'ತಿಳಿದಿಲ್ಲ' ಎಂದು ಬರೆಯುವ ಧೈರ್ಯ ಬೇಕು. ಅದು ಸೋಲಿನ ಮಾತಿನಂತೆ ಕೇಳಿಸುವುದರಿಂದಲೇ ಕಷ್ಟ. ಸಿನಿಕನ ಮಾತಿನಲ್ಲಿ ಜಾಣತನದ ಹೊಳಪಿರುತ್ತದೆ, ತಿಳಿದಿಲ್ಲ ಎನ್ನುವವನ ಮಾತಿನಲ್ಲಿ ಅದಿರುವುದಿಲ್ಲ. (ಆ ಹೊಳಪನ್ನೂ ಅಳೆದವರಿದ್ದಾರೆ: 2018ರಲ್ಲಿ ಓಲ್ಗಾ ಸ್ಟಾವ್ರೋವಾ ಮತ್ತು ಡೇನಿಯಲ್ ಎಲೆಬ್ರಾಕ್ಟ್ 30 ದೇಶಗಳ ಸುಮಾರು ಎರಡು ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿದಾಗ, ಜನ ಸಿನಿಕರನ್ನು ಹೆಚ್ಚು ಬುದ್ಧಿವಂತರೆಂದು ಭಾವಿಸುತ್ತಾರಾದರೂ ಪರೀಕ್ಷೆಗಳಲ್ಲಿ ಸಿನಿಕರ ಸಾಧನೆ ಸರಾಸರಿಯಲ್ಲಿ ಕಡಿಮೆಯೇ ಇತ್ತು. ಸಿನಿಕತನದಿಂದ ಬುದ್ಧಿ ಮಂಕಾಗುತ್ತದೆ ಎಂದು ಇದರಿಂದ ಸಾಧಿತವಾಗುವುದಿಲ್ಲ ಎಂಬುದನ್ನೂ ಮರೆಯಬಾರದು.)

ಮೂರು ತಿಂಗಳಿಗೊಮ್ಮೆ ಪುಸ್ತಕವನ್ನು ಮೊದಲಿನಿಂದ ತಿರುವಿ, ಯಾವ ಬಗೆಯ ಸುದ್ದಿಯಲ್ಲಿ ನಮ್ಮ ಶಂಕೆ ಸರಿಯಾಗಿತ್ತು, ಯಾವುದರಲ್ಲಿ ಮತ್ತೆ ಮತ್ತೆ ತಪ್ಪಿತ್ತು ಎಂದು ನೋಡಬೇಕು. ಎಲ್ಲ ವಿಷಯಗಳಲ್ಲೂ ಒಬ್ಬನೇ ಮನುಷ್ಯ ಒಂದೇ ಪ್ರಮಾಣದಲ್ಲಿ ಸಿನಿಕನಾಗಿರುವುದಿಲ್ಲ. ಅದ್ಭುತ ಔಷಧಿಗಳ ಘೋಷಣೆಯ ಬಗ್ಗೆ ಇಟ್ಟುಕೊಂಡ ಶಂಕೆ ಪದೇ ಪದೇ ಸರಿಯಾಗಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಅಪರಿಚಿತರ ಒಳ್ಳೆಯತನದ ಬಗ್ಗೆ ಇದ್ದ ಶಂಕೆಗೆ ಒಂದೂ ಆಧಾರ ಸಿಕ್ಕಿಲ್ಲವಾದರೆ ಮುಂದಿನ ಸಲ ಬಾಜಿಯ ಮೊತ್ತವನ್ನು ಇಳಿಸಬೇಕು.

ಹಣದ ಚೀಲದ ಕಾರ್ಮಿಕನ ಪುಟ ಹೀಗಿರುತ್ತದೆ. ಮೊದಲ ಮಾತು: ಕ್ಯಾಮೆರಾ ಇದ್ದಿರಬೇಕು. ಬಾಜಿ: ನೂರಕ್ಕೆ ಎಪ್ಪತ್ತು. ವರದಿ ಓದಿದ ನಂತರ: ಎಪ್ಪತ್ತನ್ನು ಹೊಡೆದು ಇಪ್ಪತ್ತು. ಕ್ಯಾಮೆರಾದ ಉಲ್ಲೇಖ: ಇಲ್ಲ. ಮೊತ್ತದ ಬಗ್ಗೆ ವಾರಸುದಾರರ ತಕರಾರು: ಇಲ್ಲ. ಸ್ಥಿತಿ: ತಿಳಿದಿಲ್ಲ. ಮತ್ತೆ ನೋಡಬೇಕಾದ ದಿನ: ಇಂದಿನಿಂದ ಮೂವತ್ತನೆಯ ದಿನ.